ಸಾಕ್ಷಿಯ ಸಾಲು

ಬ್ರಿನ್ ಟೆರೇಸ್
ಗುರುವಾರ, ಇನ್ನೂ ಬೆಳಕಾಗಿಲ್ಲ

ನೆರಿಸ್ ಅವರಿಗೆ,

ಏನೆಂದು ಕರೆಯಬೇಕೋ ತಿಳಿಯದೆ ಹೆಸರನ್ನೇ ಬರೆದಿದ್ದೇನೆ, ತಪ್ಪು ತಿಳಿಯಬೇಡಿ.

ಮೂರೂಕಾಲಿಗೆ ಎಚ್ಚರವಾಯಿತು. ಏರು ಹತ್ತುವ ಕಾರೊಂದು ಗೇರ್ ಬದಲಿಸಿದ ಸದ್ದು. ನಮ್ಮ ಬಾಗಿಲ ಮುಂದೆ ನಿಧಾನವಾಯಿತು ಅನ್ನಿಸಿತು. ನಿಲ್ಲಲಿಲ್ಲ, ಮೇಲಕ್ಕೆ ಹೋಯಿತು. ಆ ಸದ್ದಿಗೆ ಮಾಬ್ಲಿಯೂ ಎದ್ದಳು. ಹಾಲು ಕುಡಿಸಿ, ಹೆಗಲಿಗೆ ಹಾಕಿಕೊಂಡು, ಒಂದೇ ಕೈಯಲ್ಲಿ ಇದನ್ನು ಟೈಪ್ ಮಾಡುತ್ತಿದ್ದೇನೆ. ಯೆಸ್ಟಿನ್ ರಾತ್ರಿ ಪಾಳಿಗೆ ಹೋಗಿದ್ದಾನೆ. ನಿಮ್ಮ ಫೋನ್ ನಂಬರ್ ನನ್ನ ಹತ್ತಿರ ಇಲ್ಲ. ಅವನ ಫೋನಿನಲ್ಲಿದೆ, ಇದೆ ಅಂತ ನನಗೆ ಗೊತ್ತು, ಕೇಳಿ ಪಡೆಯಲು ಮನಸ್ಸಾಗಲಿಲ್ಲ. ನಿಮ್ಮ ಈ ಇ-ಮೇಲ್ ವಿಳಾಸ ವಕೀಲರು ಕಳಿಸಿದ್ದರಲ್ಲಿ ಸಿಕ್ಕಿತು. ಮೊದಲ ಬಸ್ಸು ಓಡಿಸುವವರು ನಾಲ್ಕೂವರೆಗಾದರೂ ಏಳಬೇಕಲ್ಲ, ಎದ್ದಕೂಡಲೇ ಓದುತ್ತೀರಿ ಅನ್ನುವ ಆಸೆ.

ವಿಷಯಕ್ಕೆ ಬರುತ್ತೇನೆ. ಭಾನುವಾರ ನಮ್ಮ ಅಡುಗೆಮನೆಯಲ್ಲಿ ನೀವು ಹಾಕಿದ ಸಹಿ ನಡೆಯುವುದಿಲ್ಲವಂತೆ. ಸಹಿಯ ಕೆಳಗೆ ಸಾಕ್ಷಿಯ ಸಾಲು ಖಾಲಿಯಿದೆ. ಈಗ ನಾನು ಹೆಸರು ತುಂಬಿಸಿದರೆ ಆಗದು. ಯೆಸ್ಟಿನ್‌ನ ಸಹಿ ಇದ್ದ ಹಾಗೇ ನಡೆಯುತ್ತದಂತೆ; ಹೊಸ ಹಾಳೆಯಲ್ಲಿ ನೀವು ಮಾತ್ರ ಮತ್ತೆ ಸಹಿ ಮಾಡಬೇಕು, ಒಬ್ಬರು ಅದನ್ನು ಕಣ್ಣಾರೆ ನೋಡಿ ಅಲ್ಲೇ ತಮ್ಮ ಹೆಸರು ಬರೆಯಬೇಕು. ವಕೀಲರ ಕಚೇರಿಯ ಹುಡುಗಿ ನಿನ್ನೆ ಸಂಜೆ ಮನೆಗೆ ಹೋಗುವಾಗ ಹೊಸ ಹಾಳೆಯನ್ನು ಬಾಗಿಲ ಕಿಂಡಿಯಲ್ಲಿ ಹಾಕಿ ಹೋದಳು. ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ಅದು ಅವರ ಮೇಜಿಗೆ ಬರದಿದ್ದರೆ ಮನೆಯ ಕೆಳಗಿನ ನೆಲವನ್ನು ಮಾರಲು ನೆಲದ ಕಂಪನಿಯವರು ಒಪ್ಪಿದ್ದ ಬೆಲೆ ರದ್ದು. ಅವರು ಮುಂದೆ ಹೇಳುವ ಬೆಲೆ ನಮ್ಮ ಕೈಗೆ ಎಟಕುವಂಥದ್ದಲ್ಲ.

ನೀವು ಈ ಮನೆಯಲ್ಲಿ ಬಾಳಿದವರು, ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಗೋಡೆ ನಮ್ಮದು, ಗೋಡೆ ನಿಂತ ನೆಲ ಅವರದು. ಮಾಬ್ಲಿಯ ಕೋಣೆಯ ಕಿಟಕಿ ಬದಲಿಸಲು ಅವರ ಅಪ್ಪಣೆ ಬೇಕು, ಅಪ್ಪಣೆಗೂ ದುಡ್ಡು. ಯಾವ ಕಾಲದಲ್ಲೋ ಗಣಿಯವರು ಬರೆದುಕೊಂಡ ಗುತ್ತಿಗೆ ವರ್ಷವರ್ಷವೂ ಕರಗುತ್ತಿದೆ. ಸಾಲದ ಮಾತೆತ್ತಿದರೆ ಬ್ಯಾಂಕಿನವರು ಈಗಲೇ ಮುಖ ತಿರುಗಿಸುತ್ತಾರೆ. ಗುತ್ತಿಗೆ ಮುಗಿದ ದಿನ ಗೋಡೆಯೂ ಅವರದೇ. ಆಗ ಈ ಬಾಗಿಲಲ್ಲಿ ನಿಲ್ಲುವವಳು ನನ್ನ ಮಗಳು.

ನೀವೂ ಯೆಸ್ಟಿನ್ನೂ ಮನೆ ತೆಗೆದುಕೊಂಡಾಗ ಕಾಗದದಲ್ಲಿ ಇಬ್ಬರ ಹೆಸರೂ ಬಿತ್ತು. ಬೇರೆಯಾದಾಗ ನಿಮ್ಮ ಪಾಲಿನ ದುಡ್ಡು ಕೊಟ್ಟಾಯಿತು, ಹೆಸರು ತೆಗೆಸುವುದು ಮಾತ್ರ ಯೆಸ್ಟಿನ್‌ನ ಎಲ್ಲ ಕೆಲಸಗಳ ಹಾಗೆ ನಾಳೆಗೆ ಉಳಿಯಿತು. ನೆಲ ಮಾರುವವರು ಕಾಗದದಲ್ಲಿ ಇರುವವರಿಗೇ ಕೊಡುವುದಂತೆ, ಅಂದರೆ ನಿಮಗೂ ಅವನಿಗೂ. ನಿಮ್ಮ ಅರ್ಧವನ್ನು ನೀವು ಆಮೇಲೆ ಬಿಟ್ಟುಕೊಡುತ್ತೀರಿ ಅಂತ ಮಾತು. ನಾನು ಕಾಲೇಜಿನಲ್ಲಿ ಇತಿಹಾಸ ಓದಿದವಳು. ಈ ಕಣಿವೆಯ ಗುತ್ತಿಗೆ ಜಮೀನುಗಳ ಬಗ್ಗೆ ಪುಟಗಟ್ಟಲೆ ಬರೆದು ಪಾಸಾದೆ; ನಾನು ಕಾಲಿಟ್ಟ ಮನೆಯ ಕಾಗದ ಯಾರ ಹೆಸರಿನಲ್ಲಿದೆ ಅಂತ ಕೇಳಲಿಲ್ಲ. ನಾನೆಲ್ಲಿ ಸಹಿ ಹಾಕಲಿ ಅಂತ ವಕೀಲರನ್ನು ಕೇಳಿದೆ. ಪಾಪ, ಅವರು ಒಳ್ಳೆಯ ಮನಸ್ಸಿನಿಂದಲೇ, ನಿಮ್ಮ ಹೆಸರು ಎಲ್ಲೂ ಇಲ್ವಲ್ಲಮ್ಮ, ಹಾಗಾಗಿ ನೀವು ಸಾಕ್ಷಿ ಆಗೋಕೆ ಏನೂ ಅಡ್ಡಿಯಿಲ್ಲ, ಅಂದರು.

ಭಾನುವಾರ ನೀವು ಬಂದಿರಿ. ನಮ್ಮ ಹಿಂಬಾಗಿಲನ್ನು ಒಂಚೂರು ಎತ್ತಿ ತಳ್ಳಬೇಕು ಅಂತ ತಿಳಿಯಲು ನನಗೆ ಒಂದು ಇಡೀ ಚಳಿಗಾಲ ಹಿಡಿದಿತ್ತು. ನಿಮ್ಮ ಕೈಗೆ ಅದು ನೆನಪಿತ್ತು. ಕಪ್ಪುಗಳಿಗೆ ಯಾವ ಕಪಾಟು ಅಂತ ಕೇಳದೆ ಸರಿಯಾದದ್ದನ್ನೇ ತೆರೆದಿರಿ. ಅತ್ತೆ ಬೆಳಿಗ್ಗೆಯೇ ಎದ್ದು ವೆಲ್ಷ್ ಕೇಕು ಬೇಯಿಸಿ, ಬಟ್ಟೆಯಲ್ಲಿ ಸುತ್ತಿ ಬಿಸಿಬಿಸಿಯಾಗಿ ತಂದಿದ್ದರು. ನಾನು ಹೆತ್ತು ಮನೆಗೆ ಬಂದ ದಿನ ಅಂಗಡಿಯ ಬ್ರೆಡ್ಡು ತಂದವರು ಅವರು. ನಿಮ್ಮನ್ನು ನೋಡಿ, ಏನೇ ಇದು, ಬಸ್ಸು ಓಡ್ಸೀ ಓಡ್ಸೀ ಕಡ್ಡಿಯಾಗಿದ್ದೀಯಲ್ಲೇ, ತಿನ್ನೋಕೆ ಪುರುಸೊತ್ತು ಕೊಡಲ್ವಾ ಅವ್ರು, ಅಂದರು. ಆಮೇಲೆ ನನ್ನ ಕಡೆ ತಿರುಗಿ, ನೀನೂ ಕೂತ್ಕೋ ನೆರಿಸ್, ನಿಂತೇ ಇದ್ದೀಯಲ್ಲ, ಅಂದರು. ಬಾಯಿ ತಪ್ಪಿತು ಅಂತ ಅವರು ನಕ್ಕರು, ನೀವು ನಕ್ಕಿರಿ. ನಾನೂ ನಕ್ಕೆ.

ಯೆಸ್ಟಿನ್ ಪೆನ್ನು ಕೊಟ್ಟಾಗ, ಇನ್ನೂ ಮುಚ್ಚಳ ಕಳ್ಕೊಳ್ತೀಯೇನೋ ನೀನು, ಅಂದಿರಿ. ನೀನಿನ್ನೂ ಎಡಗೈಯಲ್ಲಿ ಮಸಿ ಬಳ್ಕೊಂಡೇ ಬರೀತೀಯಲ್ಲೇ, ಅಂದ ಅವನು. ಇಷ್ಟೇ. ಯಾರನ್ನು ಕೇಳಿದರೂ ಇದರಲ್ಲಿ ತಪ್ಪೇನಿದೆ ಅನ್ನುತ್ತಾರೆ. ಆದರೆ ಮಾಬ್ಲಿ ಹುಟ್ಟಿದ ಮೇಲೆ ಅವನು ಹಾಗೆ ನಕ್ಕದ್ದನ್ನು ನಾನು ಕಂಡಿಲ್ಲ. ನನ್ನ ಹತ್ತಿರ ಅವನು ಮಾತಾಡುವುದು ಹಾಲಿನ ಪುಡಿ, ಒಗೆಯುವ ಬಟ್ಟೆ, ಯಾರು ಮೊದಲು ಏಳುವುದು, ಇಷ್ಟರ ಬಗ್ಗೆ. ಮಗು ರಂಪ ತೆಗೆದಾಗ ನೀವು ಕೈ ಚಾಚಿದಿರಿ. ಒಂದು ಗಂಟೆಯಿಂದ ನನಗೆ ಬಗ್ಗದಿದ್ದವಳು ನಿಮ್ಮ ಹೆಗಲ ಮೇಲೆ ಸುಮ್ಮನಾದಳು. ಅವತ್ತು ರಾತ್ರಿ ಅವಳ ಟೊಪ್ಪಿಗೆಯನ್ನು ಮೂಸಿ ನೋಡಿದೆ. ನಿಮ್ಮ ಸೋಪಿನ ವಾಸನೆ ಇತ್ತು. ಒಗೆದೆ. ಮತ್ತೆ ಮೂಸಿದೆ.

ನೀವು ಹೊರಟಾಗ ಅವನೂ ಅತ್ತೆಯೂ ನಿಮ್ಮನ್ನು ಬಾಗಿಲವರೆಗೆ ಬಿಡಲು ಹೋದರು. ಕಾಗದ ಮೇಜಿನ ಮೇಲಿತ್ತು. ಶುಕ್ರವಾರ ವಕೀಲರ ಎದುರೇ ಅವನು ಹಾಕಿ ಬಂದಿದ್ದ ಸಹಿ, ಅದರ ಪಕ್ಕದಲ್ಲಿ ಮಸಿ ಆರದ ನಿಮ್ಮದು. ಕೆಳಗೆ ನನಗೊಂದು ಗೆರೆ. ಮಗಳನ್ನು ಹೆತ್ತು ಸಾಕುತ್ತಿರುವ ಮನೆಯ ನೆಲಪತ್ರದಲ್ಲಿ ನನ್ನ ಪಾಲಿನ ಜಾಗ ಅದೊಂದೇ: ನೀವು ಬರೆದದ್ದನ್ನು ನಾನು ನೋಡಿದೆ ಅಂತ ಹೇಳುವ ಜಾಗ. ಲಕೋಟೆಗೆ ಹಾಕಿ ಅಂಟಿಸಿಬಿಟ್ಟೆ. ನಿನ್ನೆ ಕಚೇರಿಯಿಂದ ಫೋನ್ ಬಂದಾಗ, ಮರೆತುಹೋಯಿತು, ಮಗು ಚಿಕ್ಕದು, ನಿದ್ದೆಯಿಲ್ಲ ಅಂದೆ. ಮರೆತಿರಲಿಲ್ಲ. ಪೆನ್ನು ಕೈಯಲ್ಲೇ ಇತ್ತು. ನೆಲ ನಮ್ಮದಾಗದಿದ್ದರೂ ಸರಿ, ನಿಮ್ಮಿಬ್ಬರದಾಗುವುದು ಬೇಡ ಅನ್ನಿಸಿತ್ತು. ಆ ಗಳಿಗೆಯಲ್ಲಿ ಮಾಬ್ಲಿಯ ನೆನಪೂ ಬರಲಿಲ್ಲ, ಅದೇ ನನಗೀಗ ಹೆದರಿಕೆ.

ಕ್ಷಮಿಸಿ ಅಂತ ಬರೆಯಲು ಹೋದರೆ ಕೈ ಏಳುತ್ತಿಲ್ಲ, ಅದನ್ನು ಎದುರಿಗೇ ಕೇಳುತ್ತೇನೆ. ನಿಮ್ಮ ಡ್ಯೂಟಿ ಮುಗಿಯುವುದು ಎರಡಕ್ಕೆ ಅಂತ ಅತ್ತೆ ಹೇಳಿದ್ದರು; ಅಷ್ಟು ಹೊತ್ತು ಕಾಯುವಂತಿಲ್ಲ. ಬಸ್ಸು ನಮ್ಮ ಬೀದಿಯ ಮೇಲ್ತುದಿಯ ಕೊನೆಯ ಸ್ಟಾಪಿನಲ್ಲಿ ತಿರುಗುವಾಗ ಸ್ವಲ್ಪ ನಿಲ್ಲುತ್ತದಲ್ಲ, ಮಗುವನ್ನು ಎದೆಗೆ ಕಟ್ಟಿಕೊಂಡು ಅಲ್ಲಿಗೇ ಬರುತ್ತೇನೆ. ಸ್ಟೀರಿಂಗ್ ಮೇಲೆ ಇಟ್ಟು ಸಹಿ ಮಾಡಿ. ಈ ಸಲ ನೋಡುತ್ತೇನೆ, ಕೊನೆಯ ಅಕ್ಷರದವರೆಗೂ. ಅದೇ ಬಸ್ಸಿನಲ್ಲಿ ಪೇಟೆಗೆ ಇಳಿದು ವಕೀಲರಿಗೆ ಕೊಟ್ಟುಬರುತ್ತೇನೆ, ಟಿಕೆಟ್ ತೆಗೆದುಕೊಂಡೇ. ಯೆಸ್ಟಿನ್‌ಗೆ ಇದು ಗೊತ್ತಾಗುವುದು ಬೇಡ. ಪಾಳಿ ಮುಗಿಸಿ ಬರುವಷ್ಟರಲ್ಲಿ ಎಲ್ಲ ಸರಿಹೋಗಿರಲಿ. ನನ್ನ ನಂಬರ್ ಕೆಳಗೆ ಹಾಕಿದ್ದೇನೆ.

ಇಂತಿ, ನಿಮ್ಮ ಒಂದು ಸಹಿಗೆ ಕಾದಿರುವ
ಎಲೆರಿ

ಕಳಿಸುವ ಮುಂಚೆ ಇನ್ನೊಂದು ಮಾತು. ಮೇಲೆ ಸುಳ್ಳು ಬರೆದಿದ್ದೇನೆ, ಅಳಿಸಿ ತಿದ್ದುವ ತ್ರಾಣವಿಲ್ಲ. ಯೆಸ್ಟಿನ್‌ಗೆ ಈ ವಾರ ರಾತ್ರಿ ಪಾಳಿ ಇಲ್ಲ. ಕಿಂಡಿಯಲ್ಲಿ ಬಿದ್ದ ಲಕೋಟೆಯನ್ನು ಬಿಚ್ಚಿದವನೇ ಅವನು. ಮರೆತ್ಯಾ, ಅಂತ ಕೇಳಿದ. ಇಲ್ಲ, ಅಂದೆ. ಕೂಗಾಡಲಿಲ್ಲ. ಹಾಳೆಯನ್ನು ಮೇಜಿನ ಮೇಲೆ ಬಿಟ್ಟು ಕಾರಿನ ಕೀಲಿ ತೆಗೆದುಕೊಂಡು ಹೋದ. ಫೋನು ಆಫ್ ಆಗಿದೆ. ಅತ್ತೆಯ ಮನೆಯಲ್ಲಿಲ್ಲ, ವಿಚಾರಿಸಿದೆ. ನಿಮ್ಮ ಮನೆಗೆ ಬಂದಿದ್ದರೆ ಎಬ್ಬಿಸಬೇಡಿ, ನಾನೇನೂ ಕೇಳುವುದಿಲ್ಲ. ಬಂದಿಲ್ಲದಿದ್ದರೆ ಅದನ್ನಾದರೂ ಹೇಳಿ. ಬೆಳಗಾಗುವ ಮುಂಚೆ ಒಂದು ಸಲ ಫೋನ್ ಮಾಡಿ ನೆರಿಸ್. ನಿಮಗೆ ನನ್ನ ಜೊತೆ ಮಾತಾಡಲು ಮನಸ್ಸಿಲ್ಲದಿದ್ದರೆ ಅವನ ಕೈಯಲ್ಲಾದರೂ ಮಾಡಿಸಿ.