ನಿನ್ನ ಊರಿನ ವಾದ್ಯವೃಂದ

ಪಾವೆಲ್,

ನಿನಗೆ ಕನ್ನಡ ಬಾರದು. ಆ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ಭಾನುವಾರ ಪ್ರಿನ್ಸ್‌ಟನ್ನಿಗೆ ಚೆಕ್ ನಾಡಿನ ನಿನ್ನ ಊರಿನ ಸಿಂಫನಿ ಆರ್ಕೆಸ್ಟ್ರಾ ಬಂದಿತ್ತು. ‘ನಲವತ್ತು ವರ್ಷದ ಕೀರ್ತಿ, ಒಬ್ಬ ವಾದಕನೂ ಬಿಟ್ಟುಹೋಗಿಲ್ಲ’ ಎಂದು ಪುಸ್ತಿಕೆಯಲ್ಲಿತ್ತು. ಎಂಬತ್ತೊಂದರಲ್ಲಿ ಅಲ್ಲಿನ ಕಮ್ಯುನಿಸ್ಟ್ ಸರ್ಕಾರದಿಂದ ಪಿಟೀಲು ಸಮೇತ ತಪ್ಪಿಸಿಕೊಂಡು ಬಂದ ನೀನು ಅವರ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ. ನಕ್ಕೆ.

ವಿರಾಮದಲ್ಲಿ ಅವರ ಕಡೆಯವನೊಬ್ಬನಿಗೆ, ನಿಮ್ಮ ಪಾವೆಲ್ ನನ್ನ ಗೆಳೆಯ ಎಂದೆ.

“ಹೌದೆ! ಅವನ ಪಕ್ಕದ ಕುರ್ಚಿಯಲ್ಲೇ ನುಡಿಸುತ್ತಿದ್ದೆ. ಅವನ ತಾಯಿ ಅವನ ಬಗ್ಗೆ ಕೇಳುತ್ತಿರುತ್ತಾರೆ. ಈಗ ಎಲ್ಲಿದ್ದಾನೆ?”

ಊರು ಕೇಳಿದರೆ ಬೇರು ತೋರಿಸುವ ಜನ ನಾವು. ಮೆಟುಚೆನ್ನಿನ ನಿನ್ನ ವಿಳಾಸ ಬರೆದುಕೊಟ್ಟೆ.

ರೈಲಿನಲ್ಲಿ ನನ್ನ ಹೆಂಡತಿ ನಳಿನಾಕ್ಷಿ ಹೇಳಿದಳು: “ರೀ, ನೀವು ವಿಳಾಸ ಕೊಟ್ರಲ್ಲ, ಆತ ಸ್ಟೇಜ್ ಮೇಲೆ ಒಂದ್ಸಲಾನೂ ಕಾಣ್ಲಿಲ್ವಲ್ಲ?”

ಇಂದು ಗುರುವಾರ. ನಿನ್ನ ಬಾಗಿಲಲ್ಲಿ ನಾಲ್ಕು ದಿನದ ಪೇಪರು ಬಿದ್ದಿದೆ. ಹಾಲು ತರಲು ಹೋದರೂ ಪಿಟೀಲು ಹೊತ್ತೊಯ್ಯುವವನು ನೀನು. ಕಿಟಕಿಯಲ್ಲಿ ಇಣುಕಿ ನೋಡಿದೆ. ಪಿಟೀಲು ಕುರ್ಚಿಯ ಮೇಲೇ ಇದೆ.