ಅರ್ಧರ್ಧ ಮಾತ್ರೆ

ಮಾರ್ಚ್ 4, ಸೋಮವಾರ

ಬೆಳಿಗ್ಗೆಯಿಂದ ಕ್ಲಿನಿಕ್ಕಿಗೆ ಬಂದವರನ್ನೆಲ್ಲ ಕೂರಿಸಿಕೊಂಡು ಅದೇ ಪಾಠ ಒಪ್ಪಿಸಿ ಬಾಯಿ ಒಣಗಿತು. ಎಚ್‌ಐವಿ ಇರುವವರಿಗೆಲ್ಲ ಇನ್ನು ಲಿವರಿಗೆ ತಗಲುವ ಹೆಪಟೈಟಿಸ್ ಟೆಸ್ಟೂ ಆಗಬೇಕು, ಮನೆಯವರಿಗೂ. ಒಂದು ವೈರಸ್ ಇದ್ದರೆ ಇನ್ನೊಂದು ಬರುವುದಿಲ್ಲ ಅಂತೇನೂ ಇಲ್ಲವಲ್ಲ. ಎಲ್ಲರದೂ ಒಂದೇ ರಾಗ: "ಇರೋದು ಸಾಲ್ದಾ, ಮೇಡಂ?" ಸಾಲದು ಅಂತ ನಾನೇನು ಆರ್ಡರ್ ಕೊಟ್ಟಿದ್ದೇನೆಯೇ?

ನಮ್ಮಲ್ಲಿ ಎಚ್‌ಐವಿ ಮಾತ್ರೆ ತೆಗೆದುಕೊಳ್ಳುವ ಟೈಲರ್ ಮತ್ತು ಅವನ ಹೆಂಡತಿಯ ರಿಪೋರ್ಟ್ ಬಂತು. ಇಬ್ಬರಿಗೂ ಹೆಪಟೈಟಿಸ್ ಬಿ. ಅವಳಿಗೆ ಎಚ್‌ಐವಿ ಇಲ್ಲ, ಸದ್ಯ. ಅವನು ವರ್ಷಗಳಿಂದ ಒಂದು ದಿನವೂ ಮಾತ್ರೆ ತಪ್ಪಿಸಿದವನಲ್ಲ. ಡಾಕ್ಟರು ಹೇಳಿದರು: "ನಿಮ್ಮ ಎಚ್‌ಐವಿ ಮಾತ್ರೇನೇ ಲಿವರ್ ವೈರಸ್ಸನ್ನೂ ಹಿಡಿದಿಡುತ್ತೆ. ಬೇರೆ ಬೇಡ." ಹೆಂಡತಿಗೆ ಇನ್ನೊಂದು ಟೆಸ್ಟ್, ಆಮೇಲೆ ಅವಳದೇ ಮಾತ್ರೆ.

"ಒಂದೇ ಬಟ್ಟೇಲಿ ಎರಡು ಅಂಗಿ ಅನ್ನಿ" ಎಂದು ಟೈಲರ್ ನಕ್ಕ. ನಾನೂ ನಕ್ಕೆ.

ಮಾರ್ಚ್ 14, ಗುರುವಾರ

ಟೈಲರ್ ಹೆಂಡತಿ ಟೆಸ್ಟಿಗೆ ಬಂದಿಲ್ಲ. ಫೋನ್ ಮಾಡಿದರೆ "ನಾಳೆ ಕಳಿಸ್ತೀನಿ." ಟೈಲರುಗಳ ನಾಳೆ ಯಾರಿಗೆ ಗೊತ್ತಿಲ್ಲ!

ರಾತ್ರಿ ಅತ್ತೆ, "ಲ್ಯಾಬಲ್ಲಿ ಅಷ್ಟೊಂದು ಮಾತಾಡೋ ಕೆಲಸ ಇರುತ್ತೇನೇ? ಗಂಟಲು ಕೂತುಬಿಟ್ಟಿದೆ" ಎಂದರು. ಅವರ ಲೆಕ್ಕದಲ್ಲಿ ನಾನು ರಕ್ತದ ಲ್ಯಾಬಿನವಳು. ಹಾಗೇ ಇರಲಿ.

ಜೂನ್ 10, ಸೋಮವಾರ

ತಲೆ ಕೆಟ್ಟು ಹೋಗಿದೆ. ಟೈಲರ್ ರಕ್ತದಲ್ಲಿ ಇಷ್ಟು ವರ್ಷ ಕಾಣದಿದ್ದ ಎಚ್‌ಐವಿ ಮತ್ತೆ ಎದ್ದಿದೆ. ಲಿವರ್ ರಿಪೋರ್ಟೂ ಕೆಟ್ಟಿದೆ.

"ಮಾತ್ರೆ ಬಿಟ್ರಾ?"

"ಇಲ್ಲ ಮೇಡಂ." ನೆಲ ನೋಡಿದ. "ಅವಳು ಇಲ್ಲಿಗೆ ಬರಲ್ಲ ಅಂತಾಳೆ. ಅದೇ ಮಾತ್ರೆ ತಾನೆ ಎರಡಕ್ಕೂ? ಅರ್ಧ ನಂಗೆ, ಅರ್ಧ ಅವಳಿಗೆ. ಬ್ಲೇಡಲ್ಲಿ ಕತ್ತರಿಸ್ತೀನಿ. ಒಂದು ನೂಲೂ ಆಚೀಚೆ ಆಗಲ್ಲ."

ಕೂಗಾಡಿಬಿಟ್ಟೆ. ಅರ್ಧರ್ಧ ನುಂಗಿದರೆ ಇಬ್ಬರಿಗೂ ಕೇಡು, ವೈರಸ್ಸಿಗೆ ಮಾತ್ರೆಯೇ ನಾಟದ ಹಾಗಾಗುತ್ತೆ, ಆಮೇಲೆ ಇಬ್ಬರನ್ನೂ ಉಳಿಸೋದು ಹೇಗೆ...

"ಅವಳಿಗೆ ಕೊಡಿ. ಆಮೇಲೆ ಪೂರ್ತಿ ನುಂಗ್ತೀನಿ. ಒಬ್ಬನೇ ನುಂಗಿದ್ರೆ ಗಂಟಲಲ್ಲಿ ಇಳಿಯಲ್ಲ."

ಟೆಸ್ಟ್ ಆಗದೆ ಡಾಕ್ಟರು ಕೊಡುವುದಿಲ್ಲ. ಅವಳು ಬರುವುದಿಲ್ಲ. ಇವನು ಕೇಳುವುದಿಲ್ಲ. ಇಂಥವನನ್ನು ಬೈಯುವುದಾದರೂ ಹೇಗೆ? ಆದರೂ ಬೈದೆ.

ಜೂನ್ 11, ಮಂಗಳವಾರ

ಅವರ ಅಂಗಡಿಗೇ ಹೋದೆ. ಅತ್ತೆಯ ದಿಂಬಿಗೆ ಕವರ್ ಹೊಲಿಸಬೇಕು ಎಂಬ ನೆಪ. ಅವನಿರಲಿಲ್ಲ. ಅವಳು ಅಂಚು ಹೊಲಿಯುತ್ತಿದ್ದಳು. ಉಟ್ಟ ಬಟ್ಟೆಗೆಲ್ಲ ನೂಲಿನ ಎಳೆ.

"ನಿಮ್ಮ ಬೆಂಚು ರಸ್ತೆಗೆ ಮುಖ ಮಾಡ್ಕೊಂಡಿದೆ" ಎಂದಳು. "ತಲೆ ಮೇಲೆ ಲೈಂಗಿಕ ರೋಗ ಅಂತ ಇಷ್ಟಗಲ ಬೋರ್ಡು. ಹೋದ ಸಲ ಕೂತಾಗ ನಮ್ಮ ಗಿರಾಕಿ ಒಬ್ಬಳು ನೋಡಿದ್ಲು. ಮಾರನೇ ದಿನಾನೇ ಕೊಟ್ಟ ಬಟ್ಟೆ ವಾಪಸ್ ತಗೊಂಡು ಹೋದ್ಲು."

"ಜೀವಕ್ಕಿಂತ ಗಿರಾಕಿ ಹೆಚ್ಚಾ?"

ಸೂಜಿ ನಿಲ್ಲಿಸಿದಳು. "ನೀವೆಲ್ಲಿ ಕೆಲಸ ಮಾಡ್ತೀರಂತ ನಿಮ್ಮ ಅತ್ತೆಗೆ ಗೊತ್ತಾ, ಅಕ್ಕ?"

ದಿಂಬಿನ ಬಟ್ಟೆ ಅವಳ ಮುಂದಿಟ್ಟು ಎದ್ದು ಬಂದೆ.

ಜೂನ್ 12

ಬೆಂಚು ತಿರುಗಿಸೋಣ ಎಂದೆ. ನೆಲಕ್ಕೆ ಬೋಲ್ಟ್ ಹಾಕಿದೆ, ಮೇಲಿನವರ ಪರ್ಮಿಷನ್ ಬೇಕು ಎಂದರು ಡಾಕ್ಟರು. ವೈರಸ್ಸುಗಳು ಯಾರ ಪರ್ಮಿಷನ್ ಕೇಳಿದವೋ. ಸಾಕಾಗಿದೆ ನನಗೆ ಈ ಜನರ ಸಹವಾಸ. ನನ್ನದೂ ಸೇರಿ.

ಜೂನ್ 14, ಶುಕ್ರವಾರ

ಅತ್ತೆಗೆ ಹೇಳಿಬಿಟ್ಟೆ. ಲ್ಯಾಬಲ್ಲ, ಗುಪ್ತರೋಗದ ಕ್ಲಿನಿಕ್ಕು ಅಂತ. ಬಟಾಣಿ ಬಿಡಿಸುತ್ತಿದ್ದವರು ತಲೆಯನ್ನೂ ಎತ್ತಲಿಲ್ಲ.

"ಗೊತ್ತು ಬಿಡೇ. ನಿನ್ನ ಬ್ಯಾಗಿಂದ ಬಿದ್ದ ಕಾಂಡೋಮ್ ಪ್ಯಾಕೆಟ್ಟು ಎಷ್ಟು ಸಲ ಎತ್ತಿಟ್ಟಿಲ್ಲ ನಾನು! ಮೊದಮೊದಲು ನನ್ನ ಮಗನ ಮೇಲೇ ಅನುಮಾನ ಪಟ್ಟೆ, ಪಾಪ."

ಅತ್ತು ನಕ್ಕು ಎಲ್ಲ ಆಯಿತು. ಹೆಸರು ಊರು ಹೇಳದೆ, ಲಿವರ್ ಟೆಸ್ಟ್ ಆಗಬೇಕಿದ್ದರೂ ಬೆಂಚಿಗೆ ಹೆದರುವ ಒಬ್ಬಳ ವಿಷಯವಷ್ಟೇ ಹೇಳಿದೆ.

"ನಂಗೂ ಲಿವರ್ ನೋಡಿಸ್ಬೇಕು. ಸೋಮವಾರ ಬಂದು ಕೂರ್ತೀನಿ. ಅವಳಿಗೂ ಹೇಳು" ಎಂದರು.

ಟೈಲರ್ ಹೆಂಡತಿಗೆ ಫೋನ್ ಮಾಡಿದೆ: "ಸೋಮವಾರ ಆ ಬೆಂಚಲ್ಲಿ ನಮ್ಮತ್ತೆ ಕೂತಿರ್ತಾರೆ." ಅಷ್ಟು ಕೇಳಿದ್ದೇ ಕಟ್ ಮಾಡಿದಳು.

ಜೂನ್ 17, ಸೋಮವಾರ, ಬೆಳಿಗ್ಗೆ 11

ಕ್ಲಿನಿಕ್ಕಿನಲ್ಲೇ ಕೂತು ಬರೆಯುತ್ತಿದ್ದೇನೆ. ಅತ್ತೆ ಒಂಬತ್ತಕ್ಕೇ ಬಂದು ಬೆಂಚಿನಲ್ಲಿ ಕೊಡೆ ಬಿಚ್ಚಿಕೊಂಡು ಕೂತಿದ್ದಾರೆ. ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಕೊಡೆಯನ್ನು ರಸ್ತೆ ಕಡೆಗೆ ಅಡ್ಡ ಹಿಡಿದಿದ್ದಾರೆ. ಬರುವವರು ಹೋಗುವವರೆಲ್ಲ ನೋಡಿ ನಗುತ್ತಿದ್ದಾರೆ. ಡಾಕ್ಟರು ಬೇರೆ, "ಯಾರ್ರೀ ಆ ಅಜ್ಜಿ?" ಎಂದರು. "ನಮ್ಮತ್ತೆ" ಎಂದೆ, ಜೋರಾಗಿಯೇ.

ಆ ಮಹಾರಾಯ್ತಿ ಬರುವುದಿಲ್ಲ. ಗೊತ್ತಿತ್ತು. ಇವತ್ತೂ ಆ ಮನೆಯಲ್ಲಿ ಬ್ಲೇಡು ಹಿಡಿದು...

ತಡಿ. ಗೇಟಿನ ಪಕ್ಕದ ಈ ಕಿಟಕಿಯಿಂದ ಅತ್ತೆಯ ಕೊಡೆಯಷ್ಟೇ ಕಾಣುತ್ತಿದೆ, ಮುಖವಿಲ್ಲ. ಕೊಡೆಯ ಕೆಳಗೆ ಈಗ ಎರಡು ಜೊತೆ ಕಾಲು. ಒಂದು ಅತ್ತೆಯದು. ಇನ್ನೊಂದರ ಬಟ್ಟೆಯ ಅಂಚಿಗೆಲ್ಲ ನೂಲಿನ ಎಳೆ—