ಜೋಡಿ ಡಿಸ್ಕಿನಲ್ಲಿದ್ದ ನಿನ್ನ ದನಿ

ಸತ್ತ ನೆಪ ಹೇಳದೆ ಪೂರ್ತಿ ಓದು, ಸೋಮಾರಿ ಮಗಳೇ.

ನಿನ್ನ ಮಗಳು ಯೂನಿವರ್ಸಿಟಿಯಲ್ಲಿ ದೊಡ್ಡ ಕಂಪನಿಗಳ ಡೇಟಾ ಜೋಪಾನ ಮಾಡುವುದನ್ನು ಕಲಿಯುತ್ತಿದ್ದಾಳೆ. ನಮಗೆ ಉಳಿದಿದ್ದ ನಿನ್ನ ಒಂದೇ ರೆಕಾರ್ಡಿಂಗನ್ನು ಜೋಡಿ ಡಿಸ್ಕಿಗೆ ಹಾಕಿದ್ದಳು. ಒಂದು ಕೆಟ್ಟರೂ ಇನ್ನೊಂದರಲ್ಲಿ ಇರುತ್ತದಂತೆ. ಅದರಲ್ಲಿ ನೀನು ನನ್ನನ್ನು ಬೈದಿದ್ದೆ. ಇವತ್ತು ಬೆಳಿಗ್ಗೆ, "ಒಂದ್ರಲ್ಲಾದ್ರೂ ಅಳಿಸೇ, ಪೀಡೆ" ಎಂದೆ. ಅಳಿಸಿದಳು. ಎರಡರಲ್ಲೂ ಹೋಯಿತು.

"ಒಂದ್ರಲ್ಲಿ ಅಳಿಸಿದ್ರೆ ಇನ್ನೊಂದ್ರಲ್ಲೂ ಅಳಿಸಿಹೋಗುತ್ತೆ ಅಜ್ಜಿ, ಮರೆತೇಬಿಟ್ಟೆ" ಎಂದು ಅತ್ತಳು.

"ನಿಮ್ಮಮ್ಮನನ್ನ ತಿಂದ ಕಾಯಿಲೆ ಬಿಟ್ಟುಹೋಗಿದ್ದಷ್ಟನ್ನೂ ನೀನು ನುಂಗಿದ್ಯಲ್ಲೇ" ಎಂದೆ.

ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಹಾಸ್ಟೆಲಿಗೆ ಹೊರಟುಹೋದಳು. ಫೋನ್ ಎತ್ತುತ್ತಿಲ್ಲ. "ಅಳಿಸು ಅಂದವಳು ನೀನೇ ಅಲ್ವಾ ಅಜ್ಜಿ" ಎಂದು ಒಂದು ಮಾತೂ ಆಡಲಿಲ್ಲ, ಹಟಮಾರಿ.

ಅವಳು ಮುನಿಸಿಕೊಂಡಾಗ ನೀನು ಏನೆಂದು ಕರೆದು ಸಮಾಧಾನ ಮಾಡುತ್ತಿದ್ದೆ? ಮುಂದಿನ ತಿಂಗಳೊಳಗೆ ಉತ್ತರ ಬರೆ.